ವೋಟರ್ ಲಿಸ್ಟಿನಲ್ಲಿ ಫೋನ್ ನಂಬರ್ ಇರುವುದಿಲ್ಲ, ಆದರೂ ಪ್ರಚಾರದ ಕರೆ ಬರುವುದು ಹೇಗೆ?

ಚುನಾವಣೆ ಘೋಷಣೆಯಾದ ವಾರದಿಂದ ಬೆಂಗಳೂರಿನ ಯಾವ ಮನೆಗೂ ನೆಮ್ಮದಿ ಇರುವುದಿಲ್ಲ. ಯಲಹಂಕ ನ್ಯೂಟೌನಿನಲ್ಲಿ ಬೆಳಗ್ಗೆ ಹಾಲಿನ ಪ್ಯಾಕೆಟ್ ತರಲು ಗೇಟು ತೆಗೆದರೆ ಮೂರು ಪಕ್ಷದ ಕರಪತ್ರ ಒಟ್ಟಿಗೆ ಬಿದ್ದಿರುತ್ತವೆ. ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಫೋನ್ ಹೊಡೆದುಕೊಳ್ಳುತ್ತದೆ. ಏನೋ ತುರ್ತು ಇರಬೇಕು ಎಂದು ತೆಗೆದರೆ ಅಭ್ಯರ್ಥಿಯ ರೆಕಾರ್ಡ್ ಮಾಡಿದ ದನಿ "ನಮಸ್ಕಾರ" ಎನ್ನುತ್ತದೆ. ಆರ್.ಟಿ. ನಗರದ ಅಪಾರ್ಟ್‌ಮೆಂಟಿನ ಅಂಚೆ ಡಬ್ಬಿಯಲ್ಲಿ ಕರೆಂಟ್ ಬಿಲ್ಲಿಗಿಂತ ಅಭ್ಯರ್ಥಿಯ ಫೋಟೊ ಇರುವ ಕವರುಗಳೇ ಹೆಚ್ಚು.

ಕಿರಿಕಿರಿಯನ್ನು ಒಂದು ತಿಂಗಳು ಹೇಗೋ ಸಹಿಸಬಹುದು. ಆದರೆ ಆ ಕವರಿನ ಮೇಲೆ ನಮ್ಮ ಹೆಸರು, ಮನೆ ನಂಬರು, ಬೂತ್ ನಂಬರು ಎಲ್ಲವೂ ಸರಿಯಾಗಿ ಅಚ್ಚಾಗಿರುವುದನ್ನು ನೋಡಿದಾಗ ಬೇರೆಯದೇ ಕಳವಳ ಶುರುವಾಗುತ್ತದೆ. ಇವರಿಗೆ ಇದೆಲ್ಲ ಹೇಗೆ ಗೊತ್ತು? ನಂಬರ್ ಕೊಟ್ಟವರು ಯಾರು? ಇಷ್ಟು ಗೊತ್ತಿದ್ದವರಿಗೆ ನಾವು ಯಾರಿಗೆ ವೋಟು ಹಾಕಿದೆವು ಎಂಬುದೂ ಗೊತ್ತಾಗಿಬಿಡುತ್ತದೆಯೇ? ವಯಸ್ಸಾದವರಿಗೆ, ಒಬ್ಬರೇ ಇರುವ ಹೆಣ್ಣುಮಕ್ಕಳಿಗೆ ಇದು ಸಣ್ಣ ಭಯವಲ್ಲ. ಈ ಪ್ರಶ್ನೆಗಳನ್ನೇ ಇಲ್ಲಿ ಒಂದೊಂದಾಗಿ ನೋಡೋಣ. ಇವುಗಳ ಸುತ್ತ ಬೆಳೆದಿರುವ ತಪ್ಪು ನಂಬಿಕೆಗಳೂ ಸಾಕಷ್ಟಿವೆ.

ಪಟ್ಟಿಯಲ್ಲಿ ಏನಿದೆ, ಏನಿಲ್ಲ

ಮತದಾರರ ಪಟ್ಟಿ ಗುಟ್ಟಿನ ದಾಖಲೆಯಲ್ಲ. 1960ರ ಮತದಾರರ ನೋಂದಣಿ ನಿಯಮಗಳ ಪ್ರಕಾರ ಅದನ್ನು ಪ್ರಕಟಿಸಲೇಬೇಕು. ಮಾನ್ಯತೆ ಪಡೆದ ಪಕ್ಷಗಳಿಗೆ ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಸತ್ತವರ ಹೆಸರು ಉಳಿದಿದೆಯೇ, ಬದುಕಿದ್ದವರ ಹೆಸರು ಹೋಗಿದೆಯೇ, ಒಂದೇ ಮನೆಯಲ್ಲಿ ಐವತ್ತು ಜನ ಹೇಗೆ ಬಂದರು ಎಂದು ಯಾರು ಬೇಕಾದರೂ ಪರೀಕ್ಷಿಸಲಿ ಎಂಬುದೇ ಇದರ ಉದ್ದೇಶ. ಪಟ್ಟಿಯನ್ನು ಮುಚ್ಚಿಟ್ಟರೆ ಕಳ್ಳ ಮತದಾರರನ್ನು ಸೇರಿಸುವವರಿಗೇ ಅನುಕೂಲ.

ಪಟ್ಟಿಯಲ್ಲಿ ಇರುವುದು ಹೆಸರು, ತಂದೆ ಅಥವಾ ತಾಯಿ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ ಮತ್ತು ಮತದಾರರ ಗುರುತಿನ ಚೀಟಿಯ ನಂಬರು. ಒಂದು ಪುಟದಲ್ಲಿ ಸಾಮಾನ್ಯವಾಗಿ 30 ಜನ. ಪಕ್ಷಗಳಲ್ಲಿ ಪುಟಕ್ಕೆ ಒಬ್ಬರಂತೆ ಕಾರ್ಯಕರ್ತರನ್ನು ನೇಮಿಸುವ ಪದ್ಧತಿ ಬಂದದ್ದು ಇದರಿಂದಲೇ. "ಪೇಜ್ ಪ್ರಮುಖ್" ಎಂಬ ಮಾತನ್ನು ನೀವು ಕೇಳಿರಬಹುದು. ಅಂಥವರ ಕೈಯಲ್ಲಿ ನಿಮ್ಮ ಬೀದಿಯ ಎಂಟು ಹತ್ತು ಮನೆಗಳ ಪುಟ ಇರುತ್ತದೆ. ಕವರಿನ ಮೇಲೆ ಹೆಸರು ಮತ್ತು ಮನೆ ನಂಬರು ಸರಿಯಾಗಿರುವುದರಲ್ಲಿ ಅಚ್ಚರಿ ಇಲ್ಲ.

ಫೋನ್ ನಂಬರ್ ಮಾತ್ರ ಅಲ್ಲಿ ಇರುವುದಿಲ್ಲ. ಹೊಸದಾಗಿ ಹೆಸರು ಸೇರಿಸುವ ಫಾರಂ 6ರಲ್ಲಿ ಮೊಬೈಲ್ ನಂಬರ್ ಕೇಳುತ್ತಾರೆ, ನಿಜ. ಆದರೆ ಅದು ಪ್ರಕಟವಾಗುವ ಪಟ್ಟಿಯಲ್ಲಿ ಅಚ್ಚಾಗುವುದಿಲ್ಲ. ಜಾತಿ, ಧರ್ಮ, ಮಾತೃಭಾಷೆ, ಆಧಾರ್ ಯಾವುದೂ ಇರುವುದಿಲ್ಲ. ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುವ ಪಿಡಿಎಫ್ ಕೂಡ ಪದ ಹುಡುಕಲು ಬಾರದ, ಚಿತ್ರದ ರೂಪದಲ್ಲಿರುತ್ತದೆ. ಹುಡುಕಲು ಬರುವ ರೂಪದಲ್ಲೇ ಕೊಡಬೇಕು ಎಂಬ ಬೇಡಿಕೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಆಯೋಗವನ್ನು ಹಾಗೆ ಒತ್ತಾಯಿಸಲಾಗದು ಎಂದು ಕೋರ್ಟು 2018ರಲ್ಲಿ ಹೇಳಿತು. ಕೋಟ್ಯಂತರ ಜನರ ವಿವರಗಳನ್ನು ಕಂಪ್ಯೂಟರಿನಲ್ಲಿ ಗುಡಿಸಿಕೊಂಡು ಹೋಗುವುದು ಸುಲಭವಾಗಬಾರದು ಎಂಬುದು ಆಯೋಗದ ವಾದವಾಗಿತ್ತು.

ಹಾಗಾದರೆ ನಿಮ್ಮ ಹೆಸರಿನ ಪಕ್ಕಕ್ಕೆ ನಿಮ್ಮ ಫೋನ್ ನಂಬರನ್ನು ತಂದು ಕೂರಿಸಿದವರು ಯಾರು?

ನಾವೇ ಕೊಟ್ಟ ನಂಬರುಗಳು

ಬಹಳ ಸಲ ನಾವೇ. ಉಚಿತ ಕಣ್ಣಿನ ತಪಾಸಣೆ ಶಿಬಿರದ ರಿಜಿಸ್ಟರಿನಲ್ಲಿ, ಉದ್ಯೋಗ ಮೇಳದ ಅರ್ಜಿಯಲ್ಲಿ, ಗಣೇಶೋತ್ಸವದ ರಸೀದಿ ಪುಸ್ತಕದಲ್ಲಿ, ಕೊರೊನಾ ಕಾಲದ ರೇಷನ್ ಕಿಟ್ಟಿನ ಪಟ್ಟಿಯಲ್ಲಿ, ಬಡಾವಣೆಯ ಮೋರಿ ಸರಿ ಮಾಡಿಸಿ ಎಂದು ಕೊಟ್ಟ ಮನವಿಯಲ್ಲಿ ಹೆಸರು, ಮನೆ ನಂಬರು, ಮೊಬೈಲ್ ನಂಬರು ಬರೆದಿರುತ್ತೇವೆ. ಪಕ್ಷದ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೂ ಸಾಕು, ಆ ಕಡೆಯ ಕಂಪ್ಯೂಟರಿನಲ್ಲಿ ನಂಬರ್ ದಾಖಲಾಗುತ್ತದೆ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಜನರ ನಂಬರ್ ಎಲ್ಲರಿಗೂ ಕಾಣುತ್ತಿರುತ್ತದೆ. ಅದರಲ್ಲಿ ಒಬ್ಬರು ಯಾವುದಾದರೂ ಪಕ್ಷದ ಕಾರ್ಯಕರ್ತರಾಗಿದ್ದರೆ ಮುಂದಿನದನ್ನು ಹೇಳಬೇಕಿಲ್ಲ. ಅಲ್ಲದೆ ಫೋನ್ ನಂಬರುಗಳ ಪಟ್ಟಿಗಳನ್ನು ಪಿನ್ ಕೋಡ್ ಲೆಕ್ಕದಲ್ಲಿ ಮಾರುವ ದಂಧೆಯೂ ಇದೆ.

ಆದರೆ ಎಲ್ಲವೂ ಹೀಗೆ ನಾವು ಕೈಯಾರೆ ಕೊಟ್ಟದ್ದಲ್ಲ. 2022ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಬಯಲಾದ "ಚಿಲುಮೆ" ಪ್ರಕರಣ ನೆನಪಿರಬಹುದು. ಮತದಾರರಲ್ಲಿ ಉಚಿತವಾಗಿ ಜಾಗೃತಿ ಮೂಡಿಸುತ್ತೇವೆ ಎಂದು ಬಿಬಿಎಂಪಿಯಿಂದ ಅನುಮತಿ ಪಡೆದಿದ್ದ ಸಂಸ್ಥೆಯೊಂದು ಮನೆಮನೆಗೆ ಜನರನ್ನು ಕಳಿಸಿ, ಅವರು ಬೂತ್ ಮಟ್ಟದ ಸರ್ಕಾರಿ ಅಧಿಕಾರಿಗಳು ಎಂಬಂತೆ ತೋರಿಸಿಕೊಂಡು ಜಾತಿ, ಮಾತೃಭಾಷೆ, ಫೋನ್ ನಂಬರ್ ಮುಂತಾದ ವಿವರಗಳನ್ನು ಸಂಗ್ರಹಿಸಿತು ಎಂಬುದು ಆರೋಪ. ಸುದ್ದಿ ಹೊರಬಂದ ಮೇಲೆ ಪೊಲೀಸರು ಬಂಧನಗಳನ್ನು ಮಾಡಿದರು. ಚುನಾವಣಾ ಆಯೋಗ ಇಬ್ಬರು ಐಎಎಸ್ ಅಧಿಕಾರಿಗಳನ್ನು ಅಮಾನತು ಮಾಡಲು ಹೇಳಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಹೆಸರು ಸೇರಿಸಿದ್ದು ಮತ್ತು ತೆಗೆದದ್ದನ್ನು ಮತ್ತೆ ಪರಿಶೀಲಿಸಲು ಆದೇಶವಾಯಿತು.

ಅದಕ್ಕೂ ನಾಲ್ಕು ವರ್ಷ ಮೊದಲು, ಉತ್ತರ ಬೆಂಗಳೂರಿನ ಅಂಚಿನಲ್ಲೇ ಇನ್ನೊಂದು ಘಟನೆ ನಡೆದಿತ್ತು. 2018ರ ವಿಧಾನಸಭಾ ಚುನಾವಣೆಗೆ ನಾಲ್ಕು ದಿನ ಇರುವಾಗ ಜಾಲಹಳ್ಳಿಯ ಒಂದು ಫ್ಲಾಟಿನಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಸಿಕ್ಕವು. ಪಕ್ಷಗಳು ಒಂದರ ಮೇಲೊಂದು ಆರೋಪ ಹೊರಿಸಿದವು. ಆ ಜಾಗ ಸೇರುವ ರಾಜರಾಜೇಶ್ವರಿ ನಗರ ಕ್ಷೇತ್ರದಲ್ಲಿ ಮೇ 12ಕ್ಕೆ ನಡೆಯಬೇಕಿದ್ದ ಮತದಾನವನ್ನು ಆಯೋಗ ಮೇ 28ಕ್ಕೆ ಮುಂದೂಡಿತು. ಅಷ್ಟು ಜನರ ಚೀಟಿಗಳು ಒಂದು ಫ್ಲಾಟಿನಲ್ಲಿ ಸಿಗಬೇಕಾದರೆ ಮೊದಲು ಅವು ಅಷ್ಟು ಜನರ ಕೈ ಬಿಟ್ಟು ಹೋಗಿರಬೇಕು ಅಥವಾ ಕೈ ಸೇರದೆಯೇ ಇರಬೇಕು. "ಚೀಟಿ ಕೊಡಿ, ನಾಳೆ ವಾಪಸ್ ಕೊಡ್ತೀವಿ" ಎಂದು ಯಾರೇ ಕೇಳಿದರೂ ಕೊಡಬೇಡಿ ಎಂದು ನಾವು ಖಡಾಖಂಡಿತವಾಗಿ ಹೇಳುವುದು ಇದಕ್ಕೇ.

ಬಾಗಿಲಿಗೆ ಬಂದವರು ಸರ್ಕಾರದವರೋ ಅಲ್ಲವೋ ಎಂದು ತಿಳಿಯಲು ಸುಲಭದ ದಾರಿ ಇದೆ. ಬೂತ್ ಮಟ್ಟದ ಅಧಿಕಾರಿಗೆ ಗುರುತಿನ ಚೀಟಿ ಇರುತ್ತದೆ, ಅವರ ಹೆಸರು ನಿಮ್ಮ ಬೂತಿನ ವಿವರದ ಜೊತೆಗೆ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ, 1950ಕ್ಕೆ ಕರೆ ಮಾಡಿಯೂ ಕೇಳಬಹುದು. ಇನ್ನು ಜಾತಿ ಯಾವುದು, ಈ ಸಲ ಯಾರಿಗೆ ಹಾಕುತ್ತೀರಿ ಎಂದು ಕೇಳಿದರೆ, ಅದು ಮತದಾರರ ಪಟ್ಟಿಯ ಕೆಲಸವಲ್ಲ. ಅಷ್ಟರಲ್ಲೇ ಗೊತ್ತು ಮಾಡಿಕೊಳ್ಳಿ.

2024ರ ಲೋಕಸಭಾ ಚುನಾವಣೆಯ ನಡುವೆ, ಮೇ 2ರಂದು, ಆಯೋಗ ಎಲ್ಲ ಪಕ್ಷಗಳಿಗೂ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಗೆದ್ದ ಮೇಲೆ ಸಿಗುವ ಯೋಜನೆಗೆ ಈಗಲೇ ಹೆಸರು ನೋಂದಾಯಿಸಿಕೊಳ್ಳುತ್ತೇವೆ ಎಂದು ಸಮೀಕ್ಷೆಯ ನೆಪದಲ್ಲಿ, ಕಾರ್ಡು ತುಂಬಿಸುವ ನೆಪದಲ್ಲಿ ಮತದಾರರ ವಿವರ ಪಡೆಯುವುದನ್ನು ಕೂಡಲೇ ನಿಲ್ಲಿಸಿ ಎಂದು. ಇದು ಲಂಚದ ಸಾಲಿಗೆ ಸೇರಬಹುದು ಎಂಬುದು ಆಯೋಗದ ನಿಲುವು. ಕಾರ್ಡು ತುಂಬದಿದ್ದರೆ ಮುಂದೆ ಯೋಜನೆ ಸಿಗುವುದಿಲ್ಲ ಎಂಬ ಹೆದರಿಕೆಗೆ ಯಾವ ಆಧಾರವೂ ಇಲ್ಲ. ಸರ್ಕಾರಿ ಯೋಜನೆಯ ಫಲಾನುಭವಿಗಳನ್ನು ಗುರುತಿಸುವುದು ಸರ್ಕಾರಿ ಆದೇಶದ ಮೇಲೆ, ಪಕ್ಷದ ಕಾರ್ಡಿನ ಮೇಲಲ್ಲ.

ನಮ್ಮ ಕ್ಷೇತ್ರವೇ ಅಲ್ಲ, ಆದರೂ ಮೆಸೇಜು

ಉತ್ತರ ಬೆಂಗಳೂರಿನವರಿಗೆ ಈ ಗೊಂದಲ ಬೇರೆಯವರಿಗಿಂತ ಜಾಸ್ತಿ. ಯಲಹಂಕ ವಿಧಾನಸಭಾ ಕ್ಷೇತ್ರ ಸೇರುವುದು ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರಕ್ಕಲ್ಲ, ಚಿಕ್ಕಬಳ್ಳಾಪುರಕ್ಕೆ. ಯಶವಂತಪುರದ ಕಥೆ ಇನ್ನೂ ವಿಚಿತ್ರ. ಯಶವಂತಪುರ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರ ಹರಡಿರುವುದು ಕೆಂಗೇರಿ, ಉಲ್ಲಾಳ, ತಾವರೆಕೆರೆ ಕಡೆಗೆ. ಹಳೆಯ ಬಿಬಿಎಂಪಿಯ ಯಶವಂತಪುರ ವಾರ್ಡ್ ಇದ್ದದ್ದು ರಾಜರಾಜೇಶ್ವರಿ ನಗರ ವಿಧಾನಸಭಾ ಕ್ಷೇತ್ರದಲ್ಲಿ, ಲೋಕಸಭೆಗೆ ಬಂದರೆ ಬೆಂಗಳೂರು ಗ್ರಾಮಾಂತರದಲ್ಲಿ! ಆರ್.ಟಿ. ನಗರದ ಬಹುಭಾಗ ಹೆಬ್ಬಾಳ ಕ್ಷೇತ್ರ. ಆದರೆ ಹೆಬ್ಬಾಳದ ಫ್ಲೈಓವರ್ ದಾಟಿ ಕೊಡಿಗೇಹಳ್ಳಿ, ಸಹಕಾರನಗರಕ್ಕೆ ಬಂದರೆ ಬ್ಯಾಟರಾಯನಪುರ.

ಮೆಸೇಜು ಕಳಿಸುವ ಗುತ್ತಿಗೆದಾರರ ಬಳಿ ಇರುವುದು ಪಿನ್ ಕೋಡ್ ಅಥವಾ ಬಡಾವಣೆಯ ಹೆಸರು. ಅದನ್ನು ನೋಡಿ "ಯಶವಂತಪುರ" ಎಂದು ಕಂಡವರಿಗೆಲ್ಲ ಯಶವಂತಪುರ ಕ್ಷೇತ್ರದ ಅಭ್ಯರ್ಥಿಯ ಸಂದೇಶ ಹೋಗುತ್ತದೆ. ಜೊತೆಗೆ ಮನೆ ಬದಲಿಸಿ ಎಂಟು ವರ್ಷವಾದರೂ ಹಳೇ ಪಟ್ಟಿಯಲ್ಲಿ ನಂಬರ್ ಹಾಗೇ ಉಳಿದಿರುತ್ತದೆ. ಹೀಗೆ ಬೇರೆ ಕ್ಷೇತ್ರದ ಮೆಸೇಜು ಬಂತೆಂದರೆ ನನ್ನ ಹೆಸರನ್ನು ಅಲ್ಲಿಗೆ ವರ್ಗ ಮಾಡಿಬಿಟ್ಟರೇನೋ ಎಂದು ಕೆಲವರು ಗಾಬರಿಯಾಗುತ್ತಾರೆ. ಮೆಸೇಜಿಗೂ ಪಟ್ಟಿಗೂ ಸಂಬಂಧ ಇಲ್ಲ. ಅನುಮಾನವಿದ್ದರೆ ಆಯೋಗದ ಆ್ಯಪ್‌ನಲ್ಲಿ ಗುರುತಿನ ಚೀಟಿಯ ನಂಬರ್ ಹಾಕಿ ನೋಡಿಬಿಡಿ, ಎರಡು ನಿಮಿಷದ ಕೆಲಸ.

ಇಲ್ಲೇ ಹೇಳಬೇಕಾದ ಇನ್ನೊಂದು ಮಾತು. ಈ ಕಾಟವೇ ಬೇಡ, ಪಟ್ಟಿಯಿಂದ ಹೆಸರೇ ತೆಗೆಸಿಬಿಡುತ್ತೇನೆ ಎಂದು ಸಿಟ್ಟಿನಲ್ಲಿ ಹೇಳುವವರಿದ್ದಾರೆ. ಹಾಗೆ ಮಾಡಿದರೆ ಮತ ಹೋಗುತ್ತದೆ, ಮೆಸೇಜು ಹೋಗುವುದಿಲ್ಲ. ನಂಬರ್ ಬಂದದ್ದು ಪಟ್ಟಿಯಿಂದ ಅಲ್ಲವಲ್ಲ.

ಡಿಎನ್‌ಡಿ ಹಾಕಿದರೆ ನಿಲ್ಲುತ್ತದೆಯೇ?

ನಿಲ್ಲುತ್ತದೆ ಎಂಬುದು ಬಹಳ ಜನರ ನಂಬಿಕೆ. 1909ಕ್ಕೆ ಮೆಸೇಜು ಕಳಿಸಿ ಡಿಎನ್‌ಡಿ ಮಾಡಿಸಿಕೊಂಡ ಮೇಲೂ ಅಭ್ಯರ್ಥಿಯ ಕರೆ ಬಂದಾಗ, ಡಿಎನ್‌ಡಿ ಎಂಬುದೇ ಮೋಸ ಎಂದು ತೀರ್ಮಾನಿಸುತ್ತಾರೆ. ಎರಡೂ ಪೂರ್ತಿ ಸರಿಯಲ್ಲ.

ಡಿಎನ್‌ಡಿ ನಡೆಯುವುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯ ಮೇಲೆ. ಆ ನಿಯಮಾವಳಿಯ ಹೆಸರಿನಲ್ಲೇ "ವಾಣಿಜ್ಯ ಸಂವಹನ" ಎಂಬ ಮಾತಿದೆ. ಸರಕು, ಸೇವೆ, ಹೂಡಿಕೆ, ವ್ಯಾಪಾರದ ಅವಕಾಶ ಇಂಥವನ್ನು ಮಾರಲು ಮಾಡುವ ಕರೆ ಮತ್ತು ಮೆಸೇಜುಗಳಿಗೆ ಅದು ಅನ್ವಯಿಸುತ್ತದೆ. ಯಾವುದು ಬೇಡ ಎಂದು ಆರಿಸಿಕೊಳ್ಳಲು ಕೊಟ್ಟಿರುವ ವಿಭಾಗಗಳನ್ನು ನೋಡಿ: ಬ್ಯಾಂಕು ಮತ್ತು ವಿಮೆ, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ, ಪ್ರವಾಸ, ಆಹಾರ ಹೀಗೆ ಸಾಗುತ್ತದೆ. "ರಾಜಕೀಯ" ಎಂಬ ವಿಭಾಗವೇ ಇಲ್ಲ. ಅಭ್ಯರ್ಥಿ ನಿಮಗೆ ಏನನ್ನೂ ಮಾರುತ್ತಿಲ್ಲ, ಕನಿಷ್ಠ ಕಾನೂನಿನ ಕಣ್ಣಿಗೆ. ಹೀಗಾಗಿ 1909ಕ್ಕೆ ರಾಜಕೀಯ ಕರೆಯ ಬಗ್ಗೆ ದೂರು ಕೊಟ್ಟರೆ ಅದು ಮುಂದೆ ಸಾಗುವ ಭರವಸೆ ಕಡಿಮೆ.

ನಮ್ಮಲ್ಲಿ ಮಾತ್ರ ಹೀಗೆ ಎಂದುಕೊಳ್ಳಬೇಡಿ. ಅಮೆರಿಕದ ಡು ನಾಟ್ ಕಾಲ್ ಪಟ್ಟಿಯಿಂದಲೂ ರಾಜಕೀಯ ಕರೆಗಳಿಗೆ ವಿನಾಯಿತಿ ಇದೆ. ಮತ ಕೇಳುವುದು ವಾಕ್ ಸ್ವಾತಂತ್ರ್ಯದ ಭಾಗ ಎಂಬ ತರ್ಕ ಅಲ್ಲಿಯದು. ಜರ್ಮನಿಯಲ್ಲಿ ಪಕ್ಷಗಳು ಚುನಾವಣೆಗೆ ಮುಂಚಿನ ಆರು ತಿಂಗಳು ಸರ್ಕಾರಿ ನಿವಾಸಿ ದಾಖಲೆಯಿಂದ ವಿಳಾಸ ಪಡೆಯಬಹುದು. ಆದರೆ ನನ್ನ ವಿಳಾಸ ಕೊಡಬೇಡಿ ಎಂದು ಕಚೇರಿಯಲ್ಲಿ ಬರೆದುಕೊಟ್ಟರೆ ಕೊಡುವಂತಿಲ್ಲ. ಇದು ನಮಗೂ ಇದ್ದರೆ ಒಳ್ಳೆಯದಿತ್ತು ಎಂಬುದು ನಮ್ಮ ಅನಿಸಿಕೆ. ಪ್ರಚಾರವೂ ನಡೆಯುತ್ತದೆ, ಬೇಡ ಎನ್ನುವವರ ಮಾತಿಗೂ ಬೆಲೆ ಇರುತ್ತದೆ.

ಎಸ್‌ಎಂಎಸ್‌ಗಳ ವಿಷಯದಲ್ಲಿ ಒಂದು ಸಣ್ಣ ಗುರುತು ಉಪಯೋಗಕ್ಕೆ ಬರುತ್ತದೆ. 2025ರ ತಿದ್ದುಪಡಿಯ ನಂತರ ಕಂಪನಿ ಅಥವಾ ಸಂಸ್ಥೆಗಳಿಂದ ಬರುವ ಎಸ್‌ಎಂಎಸ್‌ನ ಕಳಿಸಿದವರ ಹೆಸರಿನ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಪಿ ಎಂದರೆ ಪ್ರಚಾರ, ಎಸ್ ಎಂದರೆ ಸೇವೆ, ಟಿ ಎಂದರೆ ವಹಿವಾಟು, ಜಿ ಎಂದರೆ ಸರ್ಕಾರ. "ಚುನಾವಣಾ ಇಲಾಖೆಯಿಂದ" ಎಂದು ಹೇಳಿಕೊಳ್ಳುವ ಮೆಸೇಜು ಸಾಮಾನ್ಯ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅನುಮಾನಿಸಿ. ಅದರಲ್ಲಿ ಲಿಂಕ್ ಇದ್ದರೆ ಒತ್ತಬೇಡಿ. ವೋಟರ್ ಐಡಿ ರದ್ದಾಗುತ್ತದೆ, ಈ ಎಪಿಕೆ ಫೈಲ್ ಹಾಕಿಕೊಳ್ಳಿ ಎಂದು ಬರುವುದು ಪ್ರಚಾರವಲ್ಲ, ಬ್ಯಾಂಕ್ ಖಾತೆಗೆ ಕೈ ಹಾಕುವ ಕಳ್ಳತನ. ಇಂಥದ್ದನ್ನು ಸಂಚಾರ್ ಸಾಥಿ ಜಾಲತಾಣದ "ಚಕ್ಷು" ವಿಭಾಗದಲ್ಲಿ ವರದಿ ಮಾಡಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹತ್ತು ಅಂಕಿಯ ನಂಬರಿನಿಂದ ಬಂದ ಮೆಸೇಜಿಗೆ "ಸ್ಟಾಪ್", "ಬೇಡ", "ಯಾರ್ರೀ ನೀವು" ಎಂದೆಲ್ಲ ಉತ್ತರಿಸುವುದರಿಂದ ಲಾಭವಿಲ್ಲ. ಈ ನಂಬರ್ ಜೀವಂತವಾಗಿದೆ, ಓದುವವರಿದ್ದಾರೆ ಎಂಬ ಸಮಾಚಾರ ಮಾತ್ರ ಆ ಕಡೆಗೆ ತಲುಪುತ್ತದೆ. ಬ್ಲಾಕ್ ಮಾಡಿ ಸುಮ್ಮನಾಗುವುದೇ ವಾಸಿ. ಅಪರಿಚಿತ ಕರೆಗಳನ್ನೆಲ್ಲ ಮೌನವಾಗಿಸುವ ಸೌಲಭ್ಯವೂ ಫೋನುಗಳಲ್ಲಿದೆ. ಆದರೆ ಮನೆಯಲ್ಲಿ ಕಾಯಿಲೆಯವರಿದ್ದರೆ, ಆಸ್ಪತ್ರೆಯ ಕರೆ ನಿರೀಕ್ಷೆಯಲ್ಲಿದ್ದರೆ ಅದನ್ನು ಹಾಕಬೇಡಿ. ಅಭ್ಯರ್ಥಿಯ ಕಾಟ ತಪ್ಪಿಸಲು ಹೋಗಿ ಬೇಕಾದ ಕರೆಯೇ ತಪ್ಪಬಾರದು.

ವಾಟ್ಸಾಪ್ ಗುಂಪುಗಳು

ಬೆಳಗಾಗೆದ್ದು ನೋಡಿದರೆ "ಹೆಬ್ಬಾಳ ಅಭಿವೃದ್ಧಿ ಬಳಗ 7" ಎಂಬಂಥ ಗುಂಪಿನಲ್ಲಿ ನಿಮ್ಮನ್ನು ಸೇರಿಸಿರುತ್ತಾರೆ. ಇದಕ್ಕೆ 2019ರ ಏಪ್ರಿಲ್‌ನಿಂದಲೇ, ಅಂದರೆ ಆ ವರ್ಷದ ಲೋಕಸಭಾ ಚುನಾವಣೆಯ ಹೊತ್ತಿನಿಂದಲೇ, ಮದ್ದಿದೆ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಗ್ರೂಪ್ಸ್, ಅಲ್ಲಿ "ಎಲ್ಲರೂ" ಎಂಬುದನ್ನು ತೆಗೆದು "ನನ್ನ ಕಾಂಟ್ಯಾಕ್ಟ್‌ಗಳು" ಎಂದು ಮಾಡಿ. ಆಮೇಲೆ ಗೊತ್ತಿಲ್ಲದವರು ನೇರವಾಗಿ ಸೇರಿಸಲು ಆಗುವುದಿಲ್ಲ, ಆಹ್ವಾನ ಮಾತ್ರ ಕಳಿಸಬಹುದು. ನಿಮ್ಮ ಮನೆಯ ಹಿರಿಯರ ಫೋನಿನಲ್ಲೂ ಇದೊಂದನ್ನು ಮಾಡಿಕೊಡಿ.

ಗುಂಪಿನಿಂದ ಹೊರಬರುವಾಗ ಬರೀ ಎಕ್ಸಿಟ್ ಮಾಡುವ ಬದಲು ರಿಪೋರ್ಟ್ ಕೂಡ ಮಾಡಬಹುದು. ರಿಪೋರ್ಟ್ ಮಾಡಿದರೆ ಆ ಮಾತುಕತೆಯ ಕೊನೆಯ ಐದು ಮೆಸೇಜುಗಳವರೆಗೆ ವಾಟ್ಸಾಪ್ ಕಂಪನಿಗೆ ತಲುಪುತ್ತವೆ. ಕಳಿಸಿದವರಿಗೆ ತಿಳಿಯುವುದಿಲ್ಲ. ಹೇಗೂ ಸಾವಿರಾರು ಜನರಿಗೆ ಕಳಿಸುವ ನಂಬರನ್ನು ಹತ್ತಾರು ಜನ ರಿಪೋರ್ಟ್ ಮಾಡಿದರೆ ಅದು ಬಂದ್ ಆಗುವ ಸಾಧ್ಯತೆ ಇದೆ.

ಸರ್ಕಾರದ ಕಡೆಯಿಂದಲೇ ಬಂದ ಮೆಸೇಜಿಗೂ ಲಗಾಮು ಬಿದ್ದದ್ದುಂಟು. 2024ರ ಮಾರ್ಚ್ 16ರಂದು ನೀತಿಸಂಹಿತೆ ಜಾರಿಗೆ ಬಂದ ಮೇಲೂ "ವಿಕಸಿತ ಭಾರತ" ಹೆಸರಿನ ವಾಟ್ಸಾಪ್ ಸಂದೇಶಗಳು ಜನರ ಫೋನಿಗೆ ಬರುತ್ತಿದ್ದವು. ದೂರುಗಳು ಬಂದವು. ಮಾರ್ಚ್ 21ರಂದು ಆಯೋಗ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ ಕೂಡಲೇ ನಿಲ್ಲಿಸಿ ಎಂದು ಸೂಚಿಸಿತು. ಸಂದೇಶಗಳನ್ನು ಕಳಿಸಿದ್ದು ನೀತಿಸಂಹಿತೆಗೆ ಮೊದಲೇ, ನೆಟ್‌ವರ್ಕ್ ತೊಂದರೆಯಿಂದ ಕೆಲವು ತಡವಾಗಿ ತಲುಪಿರಬಹುದು ಎಂದು ಸಚಿವಾಲಯ ಉತ್ತರಿಸಿತು. ದೂರು ಕೊಟ್ಟು ಏನು ಪ್ರಯೋಜನ ಎನ್ನುವವರಿಗೆ ಇದೊಂದು ಉತ್ತರ.

ಒಂದು ಒತ್ತಿದರೆ ವೋಟು ಯಾರಿಗೆಂದು ಗೊತ್ತಾಗುತ್ತದೆಯೇ?

"ನಮ್ಮ ಅಭ್ಯರ್ಥಿಗೆ ಬೆಂಬಲವಿದ್ದರೆ 1 ಒತ್ತಿ, ಇಲ್ಲದಿದ್ದರೆ 2 ಒತ್ತಿ." ಇಂಥ ಕರೆಯಲ್ಲಿ ನೀವು ಒತ್ತಿದ ಅಂಕಿ ನಿಮ್ಮ ನಂಬರಿನ ಮುಂದೆ ಅವರ ಪಟ್ಟಿಯಲ್ಲಿ ದಾಖಲಾಗುತ್ತದೆ, ಅಷ್ಟೇ. ಅದಕ್ಕೂ ಮತಯಂತ್ರಕ್ಕೂ ಯಾವ ನಂಟೂ ಇಲ್ಲ. ಒತ್ತದೆ ಇಟ್ಟುಬಿಡುವುದು ಉತ್ತಮ. ಒತ್ತಿದವರಿಗೆ ಮುಂದಿನ ಕರೆಗಳು ಇನ್ನೂ ಲೆಕ್ಕಾಚಾರದಿಂದ ಬರುತ್ತವೆ.

ಮತದಾನದ ದಿನ ಪಕ್ಷಗಳ ಏಜೆಂಟರು ಬೂತಿನೊಳಗೆ ಕೂತಿರುತ್ತಾರೆ. ಯಾರು ಬಂದು ಮತ ಹಾಕಿದರು ಎಂಬುದನ್ನು ಅವರು ತಮ್ಮ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಬಹುದು. ಯಾರಿಗೆ ಹಾಕಿದರು ಎಂಬುದು ಅವರಿಗೆ ಕಾಣುವುದಿಲ್ಲ. ಮತದ ಗುಟ್ಟನ್ನು ಕಾಯುವುದು ಮತಗಟ್ಟೆಯ ಸಿಬ್ಬಂದಿ, ಏಜೆಂಟರೆಲ್ಲರ ಕರ್ತವ್ಯ ಎಂದು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 128ನೇ ಕಲಂ ಹೇಳುತ್ತದೆ, ಮೀರಿದರೆ ಶಿಕ್ಷೆಯಿದೆ. ಫಲಿತಾಂಶದ ನಂತರ ಬೂತುವಾರು ಲೆಕ್ಕ ಮಾತ್ರ ಹೊರಬರುತ್ತದೆ. ಅಂದರೆ ಸಾವಿರ ಚಿಲ್ಲರೆ ಮತದಾರರ ನಿಮ್ಮ ಬೂತಿನಲ್ಲಿ ಯಾವ ಪಕ್ಷಕ್ಕೆ ಎಷ್ಟು ಬಂತು ಎಂದು ತಿಳಿಯುತ್ತದೆ. "ನೀವು ಯಾರಿಗೆ ಹಾಕಿದ್ದೀರಿ ಅಂತ ನಮಗೆ ಗೊತ್ತಾಗುತ್ತೆ" ಎಂದು ಯಾರಾದರೂ ಹೇಳಿದರೆ ಅದು ಬೆದರಿಕೆ, ಮಾಹಿತಿಯಲ್ಲ.

ಕರಪತ್ರದ ಕೆಳಗಿನ ಸಣ್ಣ ಅಕ್ಷರ

ಕಾಗದದ ವಿಷಯದಲ್ಲಿ ನಮ್ಮ ಕಾನೂನು ಫೋನಿಗಿಂತ ಗಟ್ಟಿಯಾಗಿದೆ, ಆದರೆ ಅದನ್ನು ಬಳಸಿಕೊಳ್ಳುವವರು ಕಡಿಮೆ. ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಚುನಾವಣೆಯ ಪ್ರತಿಯೊಂದು ಕರಪತ್ರ, ಪೋಸ್ಟರಿನ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅಚ್ಚು ಹಾಕಿಸುವವರು ಇಬ್ಬರು ಪರಿಚಿತರ ಸಾಕ್ಷಿ ಸಹಿಯೊಂದಿಗೆ ತಾವು ಯಾರು ಎಂದು ಪ್ರೆಸ್ಸಿನವರಿಗೆ ಬರೆದುಕೊಡಬೇಕು. ಪ್ರೆಸ್ಸಿನವರು ಅದನ್ನೂ ಕರಪತ್ರದ ಪ್ರತಿಯನ್ನೂ ಚುನಾವಣಾ ಅಧಿಕಾರಿಗಳಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಸೆರೆ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಭೆ ಎಲ್ಲಿ, ಎಷ್ಟು ಗಂಟೆಗೆ ಎಂದು ಮಾತ್ರ ತಿಳಿಸುವ ಚೀಟಿಗಳಿಗೆ ಈ ನಿಯಮ ಇಲ್ಲ.

ಇದು ಬರೀ ಕಾಗದಪತ್ರದ ಶಾಸ್ತ್ರವಲ್ಲ. ಮತದಾನದ ಹಿಂದಿನ ರಾತ್ರಿ ಗೇಟಿನೊಳಗೆ ಬೀಳುವ ಹೊಲಸು ಕರಪತ್ರಗಳಲ್ಲಿ, ಅಂದರೆ ಅಭ್ಯರ್ಥಿಯ ಮನೆಯ ವಿಷಯ ಎತ್ತುವ, ಜಾತಿ ಧರ್ಮ ಕೆದಕುವ ಕಾಗದಗಳಲ್ಲಿ ಈ ಸಾಲು ಇರುವುದಿಲ್ಲ. ಸಾಲು ಇಲ್ಲದಿರುವುದೇ ಅಪರಾಧ. ಒಳಗೆ ಬರೆದದ್ದು ಸುಳ್ಳೋ ನಿಜವೋ ಎಂದು ನೀವು ಸಾಬೀತು ಮಾಡಬೇಕಿಲ್ಲ. ಎರಡೂ ಬದಿಯ ಫೋಟೊ ತೆಗೆದು ದೂರು ಕೊಡಿ. ಹರಿದು ಹಾಕುವ ಮೊದಲು, ದಯವಿಟ್ಟು.

ಕಾಂಪೌಂಡಿಗೆ ಪೋಸ್ಟರ್ ಅಂಟಿಸುವುದಂತೂ ನಿಮ್ಮ ಒಪ್ಪಿಗೆ ಇಲ್ಲದೆ ಸಲ್ಲದು, ನೀತಿಸಂಹಿತೆಯೇ ಹಾಗೆ ಹೇಳುತ್ತದೆ. ಸಾರ್ವಜನಿಕರಿಗೆ ಕಾಣುವ ಜಾಗಗಳನ್ನು ಹೀಗೆ ವಿರೂಪ ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದ ಪ್ರತ್ಯೇಕ ಕಾಯ್ದೆಯೂ ಇದೆ. ಅಪಾರ್ಟ್‌ಮೆಂಟಿನ ಸಂಘದವರು ಗೇಟಿನಲ್ಲೇ ಒಂದು ಡಬ್ಬಿ ಇಟ್ಟು, ಕರಪತ್ರ ಕೊಡುವವರು ಇಲ್ಲಿ ಹಾಕಲಿ, ಬೇಕಾದವರು ತೆಗೆದುಕೊಳ್ಳಲಿ ಎಂದು ಮಾಡಬಹುದು. ಎಲ್ಲ ಪಕ್ಷಕ್ಕೂ ಒಂದೇ ನಿಯಮ ಇರಲಿ, ಇಲ್ಲದಿದ್ದರೆ ಸಂಘದಲ್ಲೇ ಜಗಳ.

ಅಂದ ಹಾಗೆ, ಪಕ್ಷದವರು ಕೊಡುವ ವೋಟರ್ ಸ್ಲಿಪ್ ಇಲ್ಲದೆ ಮತ ಹಾಕಲು ಬಿಡುವುದಿಲ್ಲ ಎಂದು ನಂಬಿ ಅದಕ್ಕಾಗಿಯೇ ಕಾರ್ಯಕರ್ತರಿಗೆ ನಂಬರ್ ಕೊಡುವವರಿದ್ದಾರೆ. ಸ್ಲಿಪ್ ಗುರುತಿನ ದಾಖಲೆಯೇ ಅಲ್ಲ. ಪಟ್ಟಿಯಲ್ಲಿ ಹೆಸರಿದ್ದು, ವೋಟರ್ ಐಡಿ ಅಥವಾ ಆಯೋಗ ಒಪ್ಪಿರುವ ಆಧಾರ್, ಪಾಸ್‌ಪೋರ್ಟಿನಂಥ ದಾಖಲೆ ಇದ್ದರೆ ಸಾಕು. ಮತದಾನದ ದಿನ ಪಕ್ಷಗಳು ಕೊಡುವ ಚೀಟಿ ಬಿಳಿ ಕಾಗದದಲ್ಲಿರಬೇಕು, ಅದರಲ್ಲಿ ಚಿಹ್ನೆ, ಅಭ್ಯರ್ಥಿಯ ಹೆಸರು, ಪಕ್ಷದ ಹೆಸರು ಇರಬಾರದು ಎಂಬುದೂ ನೀತಿಸಂಹಿತೆಯಲ್ಲಿದೆ.

ದೂರು ಎಲ್ಲಿಗೆ?

ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಯಲ್ಲಿ ಆಯೋಗದ ಸಿ-ವಿಜಿಲ್ ಸೌಲಭ್ಯ ಇದೆ. ಚುನಾವಣೆ ಘೋಷಣೆಯಾದ ಮೇಲೆ ಅದು ಕೆಲಸ ಮಾಡುತ್ತದೆ. ಅಲ್ಲೇ ನಿಂತು ಫೋಟೊ ಅಥವಾ ಎರಡು ನಿಮಿಷದವರೆಗಿನ ವಿಡಿಯೊ ತೆಗೆದು ಕಳಿಸಬೇಕು, ಗ್ಯಾಲರಿಯಲ್ಲಿರುವ ಹಳೇ ಫೋಟೊ ಹಾಕಲು ಬರುವುದಿಲ್ಲ. ಜಾಗದ ಗುರುತು ತಾನಾಗಿ ಸೇರುತ್ತದೆ. 100 ನಿಮಿಷದೊಳಗೆ ಕ್ರಮ ಎಂಬುದು ಅದರ ಗುರಿ. ಹೆಸರು ಹೇಳದೆಯೂ ದೂರು ಕೊಡಬಹುದು. ಗೋಡೆಯ ಪೋಸ್ಟರು, ಹಂಚುತ್ತಿರುವ ಉಡುಗೊರೆ, ರಾತ್ರಿ 10ರಿಂದ ಬೆಳಗ್ಗೆ 6ರ ನಡುವೆ ಕೂಗುವ ಮೈಕು ಇಂಥವಕ್ಕೆ ಇದು ಸರಿ. ಫೋನಿನ ಮೆಸೇಜಿಗೆ ಇದು ಅಷ್ಟು ಹೊಂದುವುದಿಲ್ಲ, ಅದಕ್ಕೆ 1950 ಅಥವಾ ಜಿಲ್ಲಾ ಚುನಾವಣಾಧಿಕಾರಿಯ ಕಚೇರಿ.

ರಾಶಿ ಎಸ್‌ಎಂಎಸ್, ರೆಕಾರ್ಡ್ ಮಾಡಿದ ಕರೆಗಳಿಗೂ ಆಯೋಗದ ನಿಯಮಗಳಿವೆ. ಅವುಗಳ ಒಕ್ಕಣೆಗೆ ಮಾಧ್ಯಮ ಪ್ರಮಾಣೀಕರಣ ಸಮಿತಿಯಿಂದ ಮುಂಚಿತವಾಗಿ ಒಪ್ಪಿಗೆ ಪಡೆಯಬೇಕು. ಮತದಾನ ಮುಗಿಯುವ ಸಮಯಕ್ಕೆ ಮುಂಚಿನ 48 ಗಂಟೆ ಅವನ್ನು ಕಳಿಸುವಂತಿಲ್ಲ. ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರಬೇಕು. ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ಮಿತಿ 2022ರಲ್ಲಿ ನಿಗದಿಯಾಗಿದೆ. ಕರೆ ಬಂದದ್ದೇ ತಪ್ಪು ಎಂದು ದೂರಿದರೆ ಹೆಚ್ಚು ಫಲವಿಲ್ಲ. ಆದರೆ ಏಪ್ರಿಲ್ 26ಕ್ಕೆ ಮತದಾನ ಇರುವಾಗ 25ರ ಮಧ್ಯಾಹ್ನ ರೆಕಾರ್ಡೆಡ್ ಕರೆ ಬಂತು ಎಂದು ನಂಬರು, ಸಮಯ, ಸ್ಕ್ರೀನ್‌ಶಾಟ್ ಸಮೇತ ಕೊಟ್ಟರೆ ಅದಕ್ಕೆ ತೂಕವಿದೆ. ಕರೆಯಲ್ಲಿನ ದನಿಯೇ ನಕಲಿ ಎಂಬ ಅನುಮಾನವಿದ್ದರೂ ತಿಳಿಸಿ. 2024ರ ಮೇ ತಿಂಗಳಲ್ಲಿ ಆಯೋಗ, ಡೀಪ್‌ಫೇಕ್ ವಿಷಯ ತಮ್ಮ ಖಾತೆಗಳಲ್ಲಿ ಕಂಡುಬಂದ 3 ಗಂಟೆಯೊಳಗೆ ತೆಗೆಯಬೇಕೆಂದು ಪಕ್ಷಗಳಿಗೆ ಹೇಳಿದೆ.

ನಗರ ಪಾಲಿಕೆ ಚುನಾವಣೆ ಬಂದಾಗ ಮಾತ್ರ ದಾರಿ ಬೇರೆ. ಅದನ್ನು ನಡೆಸುವುದು ಭಾರತದ ಚುನಾವಣಾ ಆಯೋಗವಲ್ಲ, ಕರ್ನಾಟಕ ರಾಜ್ಯ ಚುನಾವಣಾ ಆಯೋಗ. ಬೆಂಗಳೂರಿನಲ್ಲಿ 2015ರ ಆಗಸ್ಟಿನಲ್ಲಿ ಆರಿಸಿ ಬಂದ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದವು. ಹೀಗೆ ವರ್ಷಗಟ್ಟಲೆ ಕಾದ ಟಿಕೆಟ್ ಆಕಾಂಕ್ಷಿಗಳು ಯುಗಾದಿಯಿಂದ ಕ್ರಿಸ್‌ಮಸ್‌ವರೆಗೆ ಶುಭಾಶಯದ ಮೆಸೇಜು ಕಳಿಸುತ್ತಲೇ ಇರುತ್ತಾರೆ. ನೀತಿಸಂಹಿತೆ ಜಾರಿಯಲ್ಲಿಲ್ಲದ ದಿನಗಳಲ್ಲಿ ಬರುವ ಈ ಶುಭಾಶಯಗಳ ಮೇಲೆ ಯಾವ ಆಯೋಗದ ಹಿಡಿತವೂ ಇಲ್ಲ. ಬ್ಲಾಕ್ ಒಂದೇ ದಾರಿ.

ಖಾಸಗಿತನದ ಕಾನೂನು ಎಲ್ಲಿಗೆ ಬಂತು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಬೆಂಗಳೂರಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಅಂಗೀಕಾರವಾಯಿತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ದತ್ತಾಂಶ ಇಟ್ಟುಕೊಂಡವರ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳ ನಂತರ.

ಈ ಕಾಯ್ದೆ ರಾಜಕೀಯ ಪಕ್ಷಗಳನ್ನು ಹೆಸರು ಹಿಡಿದು ಹೊರಗಿಟ್ಟಿಲ್ಲ. ಆದರೆ ಕಾನೂನಿನ ಪ್ರಕಾರವೇ ಸಾರ್ವಜನಿಕವಾಗಿ ಪ್ರಕಟವಾದ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ಮತದಾರರ ಪಟ್ಟಿಯಲ್ಲಿರುವ ಹೆಸರು, ಮನೆ ನಂಬರುಗಳ ಬಗ್ಗೆ ತಕರಾರು ಎತ್ತುವುದು ಕಷ್ಟ. ಫೋನ್ ನಂಬರಿನ ಮಾತು ಬೇರೆ. ಅದು ಪಟ್ಟಿಯಲ್ಲಿಲ್ಲ, ಕಣ್ಣಿನ ಶಿಬಿರಕ್ಕೆಂದು ಕೊಟ್ಟ ನಂಬರನ್ನು ಮತ ಕೇಳಲು ಬಳಸಲು ನೀವು ಒಪ್ಪಿಗೆ ಕೊಟ್ಟಿಲ್ಲ. ಕೊಟ್ಟ ಉದ್ದೇಶಕ್ಕೆ ಮಾತ್ರ ಬಳಸಬೇಕು, ಕೇಳಿದರೆ ಅಳಿಸಬೇಕು ಎಂಬುದು ಕಾಯ್ದೆಯ ತಿರುಳು. ಪಕ್ಷದ ಕಚೇರಿಗೆ "ನನ್ನ ನಂಬರ್ ನಿಮಗೆ ಎಲ್ಲಿಂದ ಬಂತು, ಅಳಿಸಿಹಾಕಿ" ಎಂದು ಇವತ್ತೇ ಒಂದು ಇಮೇಲ್ ಬರೆಯಲು ಅಡ್ಡಿಯಿಲ್ಲ. ಉತ್ತರ ಬರಲಿ, ಬಾರದಿರಲಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ. ಹೊಣೆಗಳು ಜಾರಿಗೆ ಬಂದ ಮೇಲೆ ಮತ್ತೆ ಅದೇ ನಂಬರಿಗೆ ಕರೆ ಬಂದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಕೊಡುವ ದೂರಿನ ಜೊತೆ ಲಗತ್ತಿಸಲು ಅದು ಬೇಕಾಗುತ್ತದೆ.